ಮೊಣಕಾಲೆತ್ತರದ ಹಿಮಾಲಯ

ಮಾಲೂರಿನಲ್ಲಿ ನಮ್ಮ ರೈಲು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೊನ್ನೆ ಮಾತ್ರ ಸಿಗ್ನಲ್ ಸಿಗದೆ ನಿಂತೇಬಿಟ್ಟಿತು. ಹಿಂದಿನ ಸಂಜೆ ಅಲ್ಲಿ ಮಳೆ ಬಿದ್ದಿರಬೇಕು. ಕಿಟಕಿಯಿಂದ ಇಟ್ಟಿಗೆ ಗೂಡುಗಳ ಹೊಗೆಯ ಜೊತೆಗೆ ನೆಂದ ಗೋಡುಮಣ್ಣಿನ ವಾಸನೆ ಒಳಗೆ ಬಂತು. ಕೆರೆಯ ತಳದಿಂದ ತೋಡಿ ತಂದ ಮಣ್ಣಿಗೆ ಅದರದೇ ಒಂದು ವಾಸನೆ ಇರುತ್ತದೆ. ಎದುರು ಸೀಟಿನ ಹೆಂಗಸು ಮೂಗಿಗೆ ಸೆರಗು ಹಿಡಿದುಕೊಂಡಳು. ನನಗೆ ಮಾತ್ರ ಎದೆ ಧಸಕ್ಕೆಂದಿತು. ಬಂಗಾರಪೇಟೆಯಲ್ಲಿ ಇಳಿದು ಮುಳಬಾಗಿಲಿನ ಬಸ್ಸು ಹಿಡಿಯಬೇಕಾಗಿದ್ದವಳು, ರೈಲು ಟೇಕಲ್ಲಿಗೆ ಬಂದಾಗ ಬ್ಯಾಗು ಎತ್ತಿಕೊಂಡು ಇಳಿದುಬಿಟ್ಟೆ.

ಟೇಕಲ್ ಸ್ಟೇಷನ್ನಿನಿಂದ ಸ್ವಲ್ಪ ದೂರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಒಂದು ವರ್ಷ ಸಮಾಜ ವಿಜ್ಞಾನ ಕಲಿಸಿದ್ದೆ. ನನ್ನದು ಶ್ರೀನಿವಾಸಪುರ. ಮಾವಿನ ತೋಪುಗಳ ನಡುವೆ ಬೆಳೆದವಳಿಗೆ ಆ ಊರಿನ ಬಂಡೆಗಳನ್ನು ಕಂಡು ಮೊದಲ ದಿನವೇ ಕೈಕಾಲು ತಣ್ಣಗಾದವು. ಸ್ಕೂಲಿನ ಹಿಂದೆಯೇ ಬೆಟ್ಟ. ಅದರ ಬುಡದಲ್ಲಿ ಒಂದರ ಮೇಲೊಂದು ಎತ್ತಿಟ್ಟಂತೆ ಬಂಡೆಗಳಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಊರಿನವರು ‘ಗುಂಡು’ ಎನ್ನುತ್ತಿದ್ದರು. ಮನೆಯಷ್ಟು ದೊಡ್ಡ ಕಲ್ಲು, ನಿಂತಿರುವುದು ಮಾತ್ರ ಅಂಗೈ ಅಗಲದ ಬುಡದ ಮೇಲೆ ಎನ್ನಿಸಬೇಕು. ಅದರ ನೆರಳಿನಲ್ಲಿ ಕುರಿಗಳು ಮಲಗುತ್ತಿದ್ದವು, ಹೆಂಗಸರು ಬುತ್ತಿ ಬಿಚ್ಚುತ್ತಿದ್ದರು, ಗಂಡಸರು ಟವೆಲ್ಲು ಹಾಸಿ ಗೊರಕೆ ಹೊಡೆಯುತ್ತಿದ್ದರು.

"ಇದು ಬೀಳಲ್ವಾ?" ಎಂದು ಕೇಳಿದ್ದಕ್ಕೆ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಉತ್ತರ ಕೊಟ್ಟವಳು ಬಿಸಿಯೂಟದ ಅಡುಗೆಯ ಮುನಿಯಮ್ಮ.

"ಬಂಡೆ ಯಾಕ್ ಬೀಳ್ತದೆ ಮಿಸ್ಸು? ಆಕಾಶ ಬೇಕಾದ್ರೆ ಬೀಳ್ಲಿ. ಬಂಡೆ ಬೀಳಲ್ಲ."

ಹೇಳಿದ ಧಾಟಿ ನೋಡಿದರೆ ನಾನೇ ಯಾವುದೋ ಪೆದ್ದು ಪ್ರಶ್ನೆ ಕೇಳಿದಂತಿತ್ತು. ಅವಳಿಗೆ ಆಗ ಐವತ್ತರ ಆಸುಪಾಸು. ಮನೆಮಾತು ತೆಲುಗು. ಮಕ್ಕಳ ಜೊತೆ ಕನ್ನಡ ಆಡುತ್ತಾ ಆಡುತ್ತಾ ಸಿಟ್ಟು ಬಂದರೆ ತೆಲುಗಿಗೆ ಹಾರುತ್ತಿದ್ದಳು.

ಆ ಜೂನ್‌ನಲ್ಲಿ ನಾನು ಹತ್ತನೇ ಕ್ಲಾಸಿಗೆ ಹಿಮಾಲಯದ ಪಾಠ ಶುರು ಮಾಡಿದೆ. ಈ ಪಾಠ ನನಗೆ ಬಾಯಿಪಾಠ. ಉತ್ತರಕ್ಕೆ ಮಹಾ ಹಿಮಾಲಯ ಅಂದರೆ ಹಿಮಾದ್ರಿ, ನಡುವೆ ಒಳ ಹಿಮಾಲಯ ಅಂದರೆ ಹಿಮಾಚಲ, ದಕ್ಷಿಣದ ಅಂಚಿಗೆ ಹೊರ ಹಿಮಾಲಯ ಅಂದರೆ ಶಿವಾಲಿಕ್. ಮೂರೂ ಒಂದರ ಹಿಂದೊಂದು ಸಾಲಾಗಿ ನಿಂತಿವೆ. ಅಡ್ಡಕ್ಕೆ ಕತ್ತರಿಸಿದರೆ ನಾಲ್ಕು ತುಂಡು: ಸಿಂಧುವಿನಿಂದ ಸಟ್ಲೆಜ್‌ವರೆಗೆ ಪಂಜಾಬ್ ಹಿಮಾಲಯ, ಅಲ್ಲಿಂದ ಕಾಳಿ ನದಿಯವರೆಗೆ ಕುಮಾವುನ್, ತೀಸ್ತಾವರೆಗೆ ನೇಪಾಳ, ಆಚೆ ಬ್ರಹ್ಮಪುತ್ರದವರೆಗೆ ಅಸ್ಸಾಂ. ಮಕ್ಕಳು ಆಕಳಿಸಿದರು. ಬೋರ್ಡಿನ ಮೇಲೆ ಬರೆದ ಮೂರು ಗೆರೆ ಅವರಿಗೆ ಮೂರು ಗೆರೆಯಷ್ಟೇ ಆಗಿತ್ತು.

ಇನ್‌ಸ್ಪೆಕ್ಷನ್ ಬರುತ್ತದೆಂದು ಹೆಡ್‌ಮಾಸ್ಟರು ಏನಾದರೂ ‘ಕಣ್ಣಿಗೆ ಕಾಣೋ ಹಂಗೆ’ ಮಾಡಿಸಿ ಎಂದರು. ಸರಿ, ಅಂಗಳದಲ್ಲಿ ಹಿಮಾಲಯವನ್ನೇ ಕಟ್ಟೋಣ ಎಂದುಕೊಂಡೆ. ಮಾಲೂರಿನ ಇಟ್ಟಿಗೆ ಗೂಡಿನಿಂದ ಒಂದು ಟ್ರ್ಯಾಕ್ಟರ್ ಗೋಡುಮಣ್ಣು ಬಂತು. ತಂದವನು ಅಫ್ಸರ್ ಎಂಬ ತೆಳ್ಳನೆಯ ಯುವಕ. ಮಣ್ಣು ಸುರಿದು ಅಡುಗೆ ಮನೆಯ ಕಡೆ ನೋಡಿ, "ಅಮ್ಮಾ, ಚೆನ್ನಾಗಿದೀರಾ?" ಎಂದ. ಮುನಿಯಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನನಗೆ ಏನೂ ಅರ್ಥವಾಗಲಿಲ್ಲ.

ಮಕ್ಕಳು ಕಲಸಿ ತುಳಿದು ಮೂರು ಸಾಲು ಎಬ್ಬಿಸಿದರು. ಹಿಮಾದ್ರಿ ಸೊಂಟದೆತ್ತರ, ಹಿಮಾಚಲ ಮೊಣಕಾಲೆತ್ತರ, ಶಿವಾಲಿಕ್ ಕಣಕಾಲಿನಷ್ಟು. ಶಿಖರಗಳಿಗೆ ಸುಣ್ಣ ಬಳಿದರು. ನದಿಗಳಿಗೆ ಬಟ್ಟೆಗೆ ಹಾಕುವ ನೀಲಿ. ಹಿಮಾಚಲದ ಇಳಿಜಾರಿಗೆ ಹುಣಸೆ ಕಡ್ಡಿ ನೆಟ್ಟು ದೇವದಾರು ಕಾಡು ಮಾಡಿದರು. ಅಡುಗೆ ಮನೆ ದಕ್ಷಿಣಕ್ಕೆ ಇದ್ದದ್ದರಿಂದ, ಅದರ ಮುಂದಿನ ಕಲ್ಲು ಹಾಸು ತಾನಾಗಿಯೇ ಗಂಗಾ ಬಯಲಾಯಿತು. ಸೊಂಟ, ಮೊಣಕಾಲು, ಕಣಕಾಲು ಎನ್ನುತ್ತಾ ಮಕ್ಕಳು ಎರಡೇ ದಿನದಲ್ಲಿ ಸಾಲುಗಳನ್ನು ಕಲಿತುಬಿಟ್ಟರು. ನಾನು ಬೀಗಿದ್ದೇ ಬೀಗಿದ್ದು.

ಮಾರನೆಯ ದಿನ ಎಲ್ಲರೂ ಕ್ಲಾಸಿನಲ್ಲಿದ್ದಾಗ ಮುನಿಯಮ್ಮ ಸೌಟು ಹಿಡಿದುಕೊಂಡೇ ಹಿಮಾಲಯದ ಮುಂದೆ ನಿಂತಿದ್ದಳು. ನಾನು ಹೊರಗೆ ಬಂದಿದ್ದನ್ನು ನೋಡಿ ಕೇಳಿದಳು:

"ಮಿಸ್ಸು, ಎದ್ರುಗೆ ಬೆಳ್ಳಗಿರೋ ಬೆಟ್ಟ ಕಾಣ್ತದೆ, ಸುತ್ತ ಚೂಪು ಮರ ಅವೆ, ಮೆಟ್ಲು ಮೆಟ್ಲಾಗಿ ಹೊಲ ಅವೆ ಅಂದ್ರೆ ಅದು ಯಾವ ಸಾಲು?"

"ನಡುವಿನದು. ಹಿಮಾಚಲ. ಯಾಕೆ?"

"ನನ್ ಮಗ ಚಲಪತಿ ಫೋನಲ್ಲಿ ಹಂಗೇ ಹೇಳ್ತಿದ್ದ. ಕುಮಾವು ಅಂತ ಏನೋ ಅಂತಿದ್ದ." ಸೌಟು ಚಾಚಿ, "ಯಾವ ಜಾಗ, ತೋರ್ಸು" ಎಂದಳು.

ಸಟ್ಲೆಜ್ ಮತ್ತು ಕಾಳಿಯ ನಡುವೆ, ನಡುವಿನ ಸಾಲಿನ ಒಂದು ಕಣಿವೆಯ ಮೇಲೆ ಬೆರಳಿಟ್ಟೆ. ಅವಳು ಬಗ್ಗಿ ಬಹಳ ಹೊತ್ತು ಅದನ್ನೇ ನೋಡಿದಳು.

ಆ ಮಧ್ಯಾಹ್ನದಿಂದ ಮಕ್ಕಳಿಗೆ ಬಡಿಸುವ ಮುಂಚೆ ಒಂದು ಹಿಡಿ ಅನ್ನ ಸಾರು ಕಲಸಿ, ಮುತ್ತುಗದ ಎಲೆಯ ಮೇಲೆ ಹಾಕಿ, ಆ ಕಣಿವೆಯ ಬುಡದಲ್ಲಿ ಇಡತೊಡಗಿದಳು. ಅನ್ನ ಕಂಡ ಮೇಲೆ ಕಾಗೆಗಳು ಬಿಡುತ್ತವೆಯೇ? ಸೂರಿನ ಮೇಲಿಂದ ಇಳಿಯುತ್ತಿದ್ದವು. ಆದರೆ ಮುನಿಯಮ್ಮ ಜಲ್ಲಿಕಲ್ಲಿನ ರಾಶಿಯನ್ನೇ ಪಕ್ಕದಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ಒಂದು ಕಾಗೆ ಹತ್ತಿರ ಬಂದರೂ ಸಾಕು, ಹಲ್ಲು ಕಚ್ಚಿ ಎಸೆಯುತ್ತಿದ್ದಳು. ಗುರಿ ತಪ್ಪುತ್ತಿರಲಿಲ್ಲ. ಒಂದು ಕಾಗೆ ಕುಂಟಿದ್ದನ್ನು ನಾನೇ ನೋಡಿದೆ. ಮನೆಗೆ ಹೊರಡುವ ಹೊತ್ತಿಗೆ ಅನ್ನವನ್ನು ನಾಯಿಗೆ ಹಾಕಿಬಿಡುತ್ತಿದ್ದಳು.

ಸಂಗತಿ ಗೊತ್ತಾಗಿದ್ದು, ಹಿಮಾಲಯದ ಬಿರುಕು ಮೆತ್ತಲು ಅಫ್ಸರ್ ಇನ್ನೊಂದು ಲೋಡು ಮಣ್ಣು ತಂದಾಗ. ಅವನೂ ಚಲಪತಿಯೂ ಒಟ್ಟಿಗೆ ಇಲ್ಲಿಯ ಕ್ವಾರಿಯಲ್ಲಿ ಕಲ್ಲಿಗೆ ಡ್ರಿಲ್ ಹೊಡೆಯುತ್ತಿದ್ದವರು. ಒಬ್ಬ ಮೇಸ್ತ್ರಿಯ ಹಿಂದೆ ಹಿಮಾಲಯದ ರಸ್ತೆ ಕೆಲಸಕ್ಕೆ ಹೋಗಿದ್ದರು. ಹಿಂದಿನ ವರ್ಷದ ಮಳೆಗಾಲದಲ್ಲಿ ಅಫ್ಸರ್ ಒಬ್ಬನೇ ವಾಪಸು ಬಂದ.

"ಅಲ್ಲಿಯವರು ದಿನಾ ಹೇಳೋರು ಮಿಸ್ಸು, ಬೆಟ್ಟದ್ ಬುಡಕ್ಕೆ ಹೋಗಿ ಕೂರ್ಬೇಡ್ರಪ್ಪಾ ಅಂತ. ನಾವೆಲ್ಲ ರಸ್ತೆ ಮೇಲೆ ಬಿಸ್ಲಲ್ಲೇ ಊಟ ಮಾಡ್ತಿದ್ವಿ. ಇವ್ನು ಕೇಳ್ಬೇಕಲ್ಲ! ದೊಡ್ಡದೊಂದು ಬಂಡೆ ಇತ್ತು, ನೆಳ್ಳು ನೋಡ್ಕೊಂಡು ಡಬ್ಬಿ ಎತ್ಕೊಂಡು ಹೋದ. ‘ಬಾರೋ ಅಫ್ಸರ್, ನಮ್ಮೂರ ಗುಂಡು ಇದ್ದಂಗೇ ಅದೆ’ ಅಂದ. ನಗ್ತಾ ಇದ್ದ ಮಿಸ್ಸು. ಆಮೇಲೆ ಬಂಡೆ ಒಂದೇ ಅಲ್ಲ, ಗುಡ್ಡಾನೇ ಬಂತು. ಸೀದಾ ಹೊಳೆಗೆ."

"ಸಿಗಲೇ ಇಲ್ವಾ?"

"ಏನೂ ಸಿಗ್ಲಿಲ್ಲ. ಹೊಳೆ ತುಂಬಿ ಹರೀತಿತ್ತು. ಅವನ್ ಬ್ಯಾಗ್ ತಂದು ಅಮ್ಮಂಗೆ ಕೊಟ್ಟೆ. ‘ಬಂಡೆ ಬೀಳ್ತಂತೆ! ನನ್ ಮಗನ್ನ ಎಲ್ಲಿ ಬಿಟ್ಟು ಬಂದ್ಯೋ ಹೇಳೋ’ ಅಂತ ಬ್ಯಾಗ್ನ ಮುಖಕ್ಕೇ ಎಸೆದ್ರು. ಅವತ್ತಿಂದ ಮಾತಿಲ್ಲ. ಆ ಮನೇಲಿ ಎಷ್ಟು ಸಲ ಉಂಡಿದೀನಿ ಗೊತ್ತಾ ಮಿಸ್ಸು ನಾನು?" ಅವನು ಗುದ್ದಲಿಯ ಮೇಲೆ ಕೈಯೂರಿ ಆ ಕಣಿವೆಯನ್ನೇ ನೋಡುತ್ತಿದ್ದ. ಅದನ್ನು ಅವನಿಗೆ ಯಾರೂ ತೋರಿಸಿರಲಿಲ್ಲ.

ಕಾಗೆಯ ಮೇಲಿನ ಸಿಟ್ಟು ಆಗ ಅರ್ಥವಾಯಿತು. ನಮ್ಮ ಕಡೆ ಸತ್ತವರಿಗೆ ಎಡೆ ಇಟ್ಟಾಗ ಕಾಗೆ ಬಂದು ಮುಟ್ಟಬೇಕು. ಮುಟ್ಟಿದರೆ ಹೋದವರು ಬಂದು ಉಂಡರು ಎಂದು ಲೆಕ್ಕ. ಮುನಿಯಮ್ಮ ಇಡುತ್ತಿದ್ದದ್ದು ಎಡೆಯಲ್ಲ, ದೂರದಲ್ಲಿ ಹಸಿದಿರುವ ಮಗನಿಗೆ ತುತ್ತು. ಅದನ್ನು ಕಾಗೆ ಮುಟ್ಟಿಬಿಟ್ಟರೆ ಮಗ ಸತ್ತಂತೆ. ಅದಕ್ಕೇ ಕಲ್ಲು.

ಅವಳ ಗಂಡ ಮೊದಲೇ ತೀರಿಹೋಗಿದ್ದ. ಗಂಡನ ಅಣ್ಣ ಮುನಿಸ್ವಾಮಪ್ಪ ದಿನ ಬಿಟ್ಟು ದಿನ ಸ್ಕೂಲಿನ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದ. ಒಳ್ಳೆಯ ಮನುಷ್ಯ. ಸೊಪ್ಪು ಮಾರಲು ಹೋಗುವಾಗ ನನಗೂ ಒಂದು ಕಟ್ಟು ದಂಟು ಕೊಟ್ಟು ಹೋಗುವವನು.

"ಪಿತೃಪಕ್ಷ ಬಂತು. ಈ ಅಮಾಸೆಗಾದ್ರೂ ಹುಡುಗನಿಗೆ ಒಂದು ಎಡೆ ಇಡೋಣಮ್ಮ. ಹೋದ್ ವರ್ಷಾನೂ ಬೇಡ ಅಂದೆ. ಹಸ್ಕೊಂಡು ಎಲ್ಲಿ ತಿರುಗ್ತಾ ಇದಾನೋ ಏನೋ" ಎನ್ನುತ್ತಿದ್ದ.

"ಬದುಕಿರೋನಿಗೆ ಎಡೆ ಇಟ್ಟು ನಾನೇ ಸಾಯ್ಸ್ಲಾ ಬಾವಾ?" ಎನ್ನುತ್ತಿದ್ದಳು ಅವಳು.

ಇಬ್ಬರದೂ ನಿಜವಾಗಿತ್ತು. ಸತ್ತಿದ್ದರೆ ಅವನು ಅನ್ನವಿಲ್ಲದೆ ಅಲೆಯುತ್ತಾನೆ. ಬದುಕಿದ್ದರೆ ತಾಯಿಯ ಕೈಯೇ ಅವನನ್ನು ಸತ್ತವರ ಸಾಲಿಗೆ ಸೇರಿಸುತ್ತದೆ. ನನಗೆ ಅವಳ ಮುಖ ನೋಡುವುದು ಕಷ್ಟವಾಗತೊಡಗಿತು. ಕ್ಲಾಸಿನಲ್ಲಿ ‘ಹಿಮಾಚಲ’ ಎಂದು ಹೇಳಲು ಬಾಯಿ ತೆರೆದರೆ ನಾನು ಕಂಡೇ ಇರದ ಒಬ್ಬ ಹುಡುಗ ಡಬ್ಬಿ ಹಿಡಿದುಕೊಂಡು ನೆರಳಿಗೆ ನಡೆದು ಹೋಗುತ್ತಿದ್ದ. ಒಂದು ದಿನ ಪಾಠವನ್ನು ಅರ್ಧಕ್ಕೇ ನಿಲ್ಲಿಸಿ ಮಕ್ಕಳಿಗೆ ನಕ್ಷೆ ಬರೆಯಲು ಹೇಳಿ ಕೂತುಬಿಟ್ಟೆ.

ಕೋಲಾರದ ಕಡೆ ಮಳೆ ಬರುವುದು ತಡವಾಗಿಯೇ. ಆ ವರ್ಷ ಅಮಾವಾಸ್ಯೆ ಇನ್ನೇನು ಬಂತು ಎನ್ನುವಾಗ ಒಂದು ಮಧ್ಯಾಹ್ನ ಬಾನಿಗೆ ತೂತು ಬಿದ್ದಂತೆ ಸುರಿಯಿತು. ಊಟ ಮುಗಿದಿತ್ತು. ಮಕ್ಕಳು ಕ್ಲಾಸುಗಳೊಳಗೆ ಸೇರಿಕೊಂಡರು. ನಾನು ಅಡುಗೆ ಮನೆಯ ಜಗಲಿಗೆ ಓಡಿದೆ. ಮುನಿಯಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ನಮ್ಮೆದುರಿಗೇ ಹಿಮಾಲಯ ನೆನೆಯುತ್ತಿತ್ತು.

ಮೊದಲು ಹಿಮಾದ್ರಿಯ ಸುಣ್ಣ ಕರಗಿ ಇಳಿಯಿತು. ನದಿಗಳ ನೀಲಿ ಬಯಲಿಗೆ ಹರಿದು ನಮ್ಮ ಕಾಲ ಬುಡಕ್ಕೆ ಬಂತು. ಶಿವಾಲಿಕ್ ಎಲ್ಲಿ ಹೋಯಿತೋ ಕಾಣಲೇ ಇಲ್ಲ. ಹಿಮಾಚಲ ಮಾತ್ರ ಗಟ್ಟಿಯಾಗಿ ನಿಂತಿತ್ತು. ಇದ್ದಕ್ಕಿದ್ದಂತೆ ಅದರ ಮೇಲ್ಭಾಗದಲ್ಲಿ ಒಂದು ಗೆರೆ ಮೂಡಿತು. ಕಡ್ಡಿಯ ಕಾಡು ಸುಮ್ಮನೆ ಸ್ವಲ್ಪ ಮುಂದಕ್ಕೆ ಬಾಗಿತು. ನಾನು ಏನೋ ಹೇಳಬೇಕೆನ್ನುವಷ್ಟರಲ್ಲಿ ಇಡೀ ಇಳಿಜಾರು, ಮರಗಳ ಸಮೇತ, ಕುಸಿದು ಕಣಿವೆಯನ್ನು ಮುಚ್ಚಿಬಿಟ್ಟಿತು. ಮಳೆಯ ಸದ್ದಿನಲ್ಲಿ ಅದರ ಸದ್ದು ಕೇಳಿಸಲೂ ಇಲ್ಲ. ಮಧ್ಯಾಹ್ನ ಅವಳಿಟ್ಟ ಎಲೆ ಅದರ ಅಡಿಯಲ್ಲಿ ಹೋಯಿತು.

"ಹಿಂಗೇನಾ?" ಎಂದಳು ಮುನಿಯಮ್ಮ. "ಹಿಂಗೇ ಬಂತಾ ಮಿಸ್ಸು?"

ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ.

"ಹಿಂಗೇ ಬಂದಿರುತ್ತೆ. ಅದು ಇನ್ನೂ ಬೆಳೀತಿರೋ ಬೆಟ್ಟ ಮುನಿಯಮ್ಮ. ಎಳೇದು. ನಮ್ಮ ಬಂಡೆ ಥರ ಗಟ್ಟಿ ಕೂತಿರಲ್ಲ."

"ಕಲ್ಲು ಕೈಯಲ್ಲೇ ಪುಡಿ ಆಗ್ತದಮ್ಮ ಇಲ್ಲಿ ಅಂತಿದ್ದ" ಎಂದಳು. "ನಾನು ನಕ್ಕೆ. ಮೊಣಕಾಲುದ್ದ ಬೆಟ್ಟ ನೋಡು ಮಿಸ್ಸು, ನನ್ ಮಗನ್ನ ನುಂಗಿ ಕೂತದೆ."

ಆಮೇಲೆ ಅವಳು ಕುಕ್ಕರಗಾಲಲ್ಲಿ ಕೂತಳು. ಅಳಲಿಲ್ಲ. ಮಳೆಯ ಕಡೆಗೇ ನೋಡುತ್ತಾ ಹೇಳಿದಳು.

"ಕೂಸಾಗಿದ್ದಾಗ ಅವನ್ನ ಗುಂಡಿನ್ ಕೆಳ್ಗೆ ಮಲಗ್ಸಿ ಕಲ್ಲು ಹೊರೋಕೆ ಹೋಗೋಳು ನಾನು. ಮೇಲ್ ನೋಡಿ ಅಳೋನು. ‘ಬೀಳಲ್ಲ ಕಣೋ ನಾಯನಾ, ಬಂಡೆ ಬೀಳಲ್ಲ, ಮಲ್ಕೋ’ ಅಂತ ತಟ್ಟಿ ತಟ್ಟಿ ಮಲಗ್ಸೋಳು. ನಾನೇ ಅಲ್ವಾ ಮಿಸ್ಸು ಕಲ್ಸಿದ್ದು?"

ಅವಳ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟೆ, ಅಷ್ಟೆ. ಮಳೆ ನಿಲ್ಲುವಾಗ ಅವಳೇ ಎದ್ದು, "ಬಾವಂಗೆ ಹೇಳ್ಬೇಕು. ಅಮಾಸೆಗೆ ಎಡೆ ಇಡ್ತೀನಿ" ಎಂದಳು.

ಅಮಾವಾಸ್ಯೆಯ ದಿನ ನನ್ನನ್ನೂ ಕರೆದಳು. ಸ್ಕೂಲಿಗೆ ಹತ್ತಿರದಲ್ಲೇ, ಕಲ್ಲು ಚಪ್ಪಡಿಯ ಮಾಳಿಗೆಯಿದ್ದ ಸಣ್ಣ ಮನೆ. ಹೊಸ ಶರಟು, ಪಂಚೆ, ಅವನಿಗಿಷ್ಟವಾದ ಬಾಡಿನ ಸಾರು, ಮುದ್ದೆ, ಒಬ್ಬಟ್ಟು ಎಲ್ಲ ಇಟ್ಟು ಪೂಜೆ ಮಾಡಿದರು. ಎಡೆಯ ಎಲೆಯನ್ನು ಮುನಿಯಮ್ಮ ತಾನೇ ಮಾಳಿಗೆಯ ಮೇಲೆ ಇಟ್ಟು, ಮೂಲೆಯಲ್ಲಿ ನಿಂತು ಕೂಗಿದಳು. "ಕಾ... ಕಾ... ರಾ ನಾಯನಾ, ರಾ. ತಿನ್ನು ರಾ."

ಕಾಗೆಗಳಿದ್ದವು. ಹೊಂಗೆ ಮರದ ತುಂಬ ಇದ್ದವು. ಅವಳನ್ನು ನೋಡಿದವು. ಒಂದೂ ಇಳಿಯಲಿಲ್ಲ.

ಇಷ್ಟು ದಿನ ಕಲ್ಲು ಹೊಡೆದ ಕೈ ಯಾರದೆಂದು ಅವು ಮರೆತಿರಲಿಲ್ಲ. ಅವಳು ಕೈ ಎತ್ತಿ ಕರೆದರೆ ಸಾಕು, ಇನ್ನೂ ಮೇಲಿನ ಕೊಂಬೆಗೆ ಹಾರುತ್ತಿದ್ದವು. ಮುನಿಸ್ವಾಮಪ್ಪ ಕರೆದ, ಹೆಂಡತಿ ಕರೆದಳು. ಮುನಿಯಮ್ಮ ಅಲ್ಲೇ ನಿಂತಿದ್ದರಿಂದ ಅವು ಜಪ್ಪಯ್ಯ ಎನ್ನಲಿಲ್ಲ. ಕಾಗೆ ಮುಟ್ಟದೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಬಿಸಿಲು ಇಳಿಯುತ್ತಾ ಬಂತು. ಎಲೆಯ ಮೇಲಿನ ಮುದ್ದೆ ಒಣಗಿ ಬಿರಿಯಿತು.

"ನನ್ ಮೇಲೆ ಅವನಿಗೆ ಕ್ವಾಪ ಬಾವಾ" ಎಂದಳು ಮುನಿಯಮ್ಮ. ಆಗ ಅವಳ ದನಿ ಒಡೆಯಿತು. "ಇಷ್ಟ್ ದಿನ ಉಪವಾಸ ಕೆಡವ್ದೆ. ಈಗ ನನ್ ಕೈದು ಮುಟ್ಟಲ್ಲ ಅವ್ನು."

"ಅದು ಅವನ ಕೋಪ ಅಲ್ಲ ಮುನಿಯಮ್ಮ, ಕಾಗೆಗಳಿಗೆ ನಿಮ್ಮನ್ನ ಕಂಡ್ರೆ ಹೆದರಿಕೆ" ಎಂದೆ.

ಅವಳು ನನ್ನನ್ನು ತಿರುಗಿ ನೋಡಿದಳು. "ಹಂಗಾದ್ರೆ ನೀನಿಡು."

"ನಾನಾ? ನಾನು ನಿಮ್ಮ ಮನೆಯವಳಲ್ಲ, ಅವನ ಮುಖಾನೂ ನೋಡಿಲ್ಲ."

"ಅವ್ನ ಜಾಗ ತೋರ್ಸ್ದೋಳು ನೀನೇ ತಾನೆ? ಇಡು ಮಿಸ್ಸು. ಕೈ ಮುಗೀತೀನಿ."

ಅವಳು ಒಳಗೆ ಹೋಗಿ ಬಾಗಿಲ ಹಿಂದೆ ಕೂತಳು. ನಾನು ಹೊಸ ಎಲೆ ಹಿಡಿದು ಏಣಿ ಹತ್ತಿದೆ. ಎಲೆಯಿಟ್ಟು, ನನ್ನ ಜೀವಮಾನದಲ್ಲಿ ಕಂಡಿರದ ಆ ಹುಡುಗನ ಹೆಸರು ಹಿಡಿದು, "ಚಲಪತೀ, ಬಾರಪ್ಪಾ, ಊಟ ಮಾಡು" ಎಂದೆ. ಇಳಿದು ಹಿಂದಕ್ಕೆ ಸರಿದೆ. ಸ್ವಲ್ಪ ಹೊತ್ತಿಗೆ ಒಂದು ಕಾಗೆ ಬಂದು ಕೂತಿತು. ಒಂದು ಕಾಲನ್ನು ಊರದೆ ಕುಪ್ಪಳಿಸಿಕೊಂಡು ಎಲೆಯ ಹತ್ತಿರ ಹೋಗಿ, ಬಾಡಿನ ತುಂಡೊಂದನ್ನು ಕಚ್ಚಿಕೊಂಡಿತು. ಅದು ಕುಂಟು ಕಾಗೆಯೆಂದು ನಾನು ಯಾರಿಗೂ ಹೇಳಲಿಲ್ಲ.

"ಮುಟ್ತು!" ಎಂದು ಮುನಿಸ್ವಾಮಪ್ಪ ಕೂಗಿದ.

ಒಳಗಿನಿಂದ ಒಂದು ಅಳು ಬಂತು. ಊರಿಗೆ ಊರೇ ಬಂದು ಸೇರಿತು. ಅತ್ತು ಅತ್ತು ಸುಸ್ತಾದ ಮೇಲೆ ಮುನಿಯಮ್ಮ ಮುಖ ತೊಳೆದುಕೊಂಡು ಎಲೆ ಹಾಕಿಸಿದಳು. ಮೊದಲ ಎಲೆ ಹಾಕುವ ಮುಂಚೆ, "ಅಫ್ಸರ್‌ಗೆ ಫೋನ್ ಮಾಡ್ರೋ. ಬಂದು ಉಣ್ಲಿ" ಎಂದಳು. ಅವನು ಮಾಲೂರಿನಿಂದ ಬೈಕಿನಲ್ಲಿ ಬಂದ, ಮೈಯೆಲ್ಲ ಇಟ್ಟಿಗೆ ಧೂಳು. ಎಡೆಗಿಟ್ಟದ್ದು ಅವನ ಧರ್ಮಕ್ಕೆ ಸಲ್ಲದೆಂದು ಅವಳು ಮೊದಲೇ ಹುರುಳಿ ಕಾಳಿನ ಸಾರು ಬೇರೆ ಮಾಡಿ ಎತ್ತಿಟ್ಟಿದ್ದಳು. ಅಂದರೆ ಬೆಳಿಗ್ಗೆಯಿಂದಲೇ ಅವನನ್ನು ಕರೆಯಬೇಕೆಂದಿದ್ದಳು. ಅವನು ತಲೆ ತಗ್ಗಿಸಿ ಉಂಡ. ಅವಳು ಪಕ್ಕದಲ್ಲಿ ನಿಂತು ಮತ್ತೆ ಮತ್ತೆ ಬಡಿಸಿದಳು.

ಇನ್‌ಸ್ಪೆಕ್ಷನ್ ಬಂದಾಗ ತೋರಿಸಲು ನಮ್ಮಲ್ಲಿ ಮಣ್ಣಿನ ಗುಪ್ಪೆ ಮಾತ್ರ ಇತ್ತು. ಹೆಡ್‌ಮಾಸ್ಟರು ಮುಖ ಗಂಟು ಹಾಕಿಕೊಂಡರು. ಮತ್ತೆ ಕಟ್ಟಲು ನನಗೆ ಮನಸ್ಸು ಬರಲಿಲ್ಲ. ಬೇಸಿಗೆ ಕಳೆದ ಮೇಲೆ ನನಗೆ ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದ ಕಡೆಗೆ ವರ್ಗವಾಯಿತು. ಅಲ್ಲೂ ಪ್ರತಿ ವರ್ಷ ಹಿಮಾಲಯದ ಪಾಠ ಬರುತ್ತದೆ. ಬೋರ್ಡಿನ ಮೇಲೆ ಮೂರು ಗೆರೆ ಎಳೆಯುತ್ತೇನೆ. ನಡುವಿನ ಗೆರೆ ಎಳೆಯುವಾಗ ಸೀಮೆಸುಣ್ಣ ಒಂದು ಕಡೆ ನಿಂತುಬಿಡುತ್ತದೆ. ಮುಳಬಾಗಿಲಿನ ಸುತ್ತ ಬಂಡೆಗಳಿಗೇನು ಕಮ್ಮಿ. ಬಸ್ಸು ಕಾಯುವಾಗ ಎಲ್ಲರೂ ಬಂಡೆಯ ನೆರಳಿಗೆ ಸರಿದರೆ ನಾನು ಬಿಸಿಲಿನಲ್ಲಿ ನಿಲ್ಲುತ್ತೇನೆ. ಜೊತೆಯ ಟೀಚರುಗಳು ಕಲರ್ ಕಪ್ಪಾದೀತು ಎಂದು ತಮಾಷೆ ಮಾಡುತ್ತಾರೆ.

ಮೊನ್ನೆ ಸ್ಟೇಷನ್ನಿನಿಂದ ಆಟೋ ಹಿಡಿದು ಸ್ಕೂಲಿನ ಹತ್ತಿರ ಇಳಿದಾಗ ಊಟದ ಬೆಲ್ಲು ಆಗಿತ್ತು. ಅಡುಗೆ ಮನೆಯಲ್ಲಿ ಬೇರೆ ಯಾರೋ ಬಡಿಸುತ್ತಿದ್ದರು. ಹಿಮಾಲಯವಿದ್ದ ಜಾಗದಲ್ಲಿ ಸಿಮೆಂಟು ಹಾಕಿ ಕೈ ತೊಳೆಯುವ ನಲ್ಲಿಗಳನ್ನು ಮಾಡಿದ್ದರು. ಮುನಿಯಮ್ಮನ ವಿಷಯ ಕೇಳಿದೆ. ಬಡಿಸುವವಳು ಸೌಟಿನಿಂದಲೇ ಬೆಟ್ಟದ ಕಡೆ ತೋರಿಸಿದಳು.

ಗುಂಡಿನ ಕೆಳಗೆ ಅವಳೊಬ್ಬಳೇ ಕೂತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ತೊಡೆಯ ಮೇಲೆ ಡಬ್ಬಿ. ಒಂದು ತುತ್ತು ತಾನು ತಿನ್ನುತ್ತಿದ್ದಳು, ಒಂದು ತುತ್ತು ಕಲ್ಲಿನ ಮೇಲಿಡುತ್ತಿದ್ದಳು. ಸುತ್ತ ಕಾಗೆಗಳು ಹೆದರಿಕೆಯಿಲ್ಲದೆ ಓಡಾಡುತ್ತಿದ್ದವು. ನಾನು ನೆರಳಿನ ಅಂಚಿಗೇ ನಿಂತೆ.

"ಮಿಸ್ಸಾ?" ಎಂದಳು. ಕಣ್ಣಿನ ಮೇಲೆ ಕೈ ಮರೆ ಮಾಡಿ ನೋಡಿದಳು. "ಬಿಸ್ಲಲ್ಲಿ ಯಾಕ್ ನಿಂತೆ? ಒಳಕ್ ಬಾ."

"ಇಲ್ಲಿ ಯಾಕೆ ಕೂತಿದ್ದೀರಿ ಮುನಿಯಮ್ಮ, ಒಬ್ಬರೇ?"

"ದಿನಾ ಅವನು ಊಟ ಮಾಡೋ ಹೊತ್ಗೆ ಬಂದು ಕೂತ್ಕೊತೀನಿ." ಅವಳು ತಲೆಯೆತ್ತಿ ಮೇಲಿನ ಕಲ್ಲನ್ನು ನೋಡಿದಳು. "ಬಿದ್ರೆ ನನ್ ಮೇಲೇ ಬೀಳ್ಲಿ ಅಂತ. ಎಷ್ಟ್ ಮಳೆ ಬಂತು, ಎಷ್ಟ್ ಗಾಳಿ ಬಂತು. ಕ್ವಾರಿಯೋರು ಆ ಕಡೆ ಸಿಡಿಸಿದ್ರೆ ನೆಲ ಎಲ್ಲ ಅದುರ್ತದೆ. ಇದು ಬೀಳಲ್ಲ ಮಿಸ್ಸು." ನನ್ನ ಮುಖ ನೋಡಿ ಕೇಳಿದಳು. "ನಾನು ಕೂಸಿಗೆ ಹೇಳಿದ್ದು ಸುಳ್ಳಲ್ಲ ಅಲ್ವಾ?"

ನಾನು ಚಪ್ಪಲಿ ಬಿಟ್ಟು, ಬಗ್ಗಿ, ಅವಳ ಪಕ್ಕದಲ್ಲಿ ಹೋಗಿ ಕೂತೆ.